ಕಾಲೇಜಿನಲ್ಲಿ ಸಾಮಾಜಿಕ ಉದ್ಯಮದ ತಂಡ ಕಟ್ಟಬೇಕೆಂದಿದ್ದೇವೆ. ಅಂತರರಾಷ್ಟ್ರೀಯ ಸಂಸ್ಥೆಯ ಶಾಖೆ ತೆರೆಯುವುದೋ, ನಮ್ಮದೇ ಕ್ಲಬ್ ಮಾಡುವುದೋ?

ಶಾಖೆಯೋ ಕ್ಲಬ್ಬೋ ಎಂದು ಕೇಳಿ, ಕೆಳಗೆ ‘ಮೊದಲ ವರ್ಷವೇ ಒಂದು ಹಳ್ಳಿಯಲ್ಲಿ ಯಂತ್ರ ಹಾಕಿಸಿ ಘಟಕ ಶುರು ಮಾಡುವ ಯೋಚನೆ ಇದೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳೂ ಜೊತೆಗಿರುತ್ತಾರೆ’ ಅಂತ ಒಂದು ಸಾಲು ಬರೆದಿದ್ದೀರಿ. ನನ್ನ ಕಣ್ಣು ನಿಂತಿದ್ದು ಆ ಸಾಲಿನ ಮೇಲೆ. ಆ ಯಂತ್ರದ ಬಿಲ್ ಯಾರ ಹೆಸರಿಗೆ ಮಾಡಿಸುತ್ತೀರಿ?

ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ನಮ್ಮದೂ ಇಂಥದೇ ತಂಡ ಇತ್ತು. ಶಿರಸಿ ಕಡೆಯ ಒಂದು ಊರಿನ ಸ್ವಸಹಾಯ ಸಂಘದ ಜೊತೆ ಸೇರಿ ಅಡಿಕೆ ಹಾಳೆ ತಟ್ಟೆ ಮಾಡುವ ಘಟಕ. ನಮ್ಮಲ್ಲೊಬ್ಬನ ಅಜ್ಜಿಮನೆ ಆ ಊರಲ್ಲಿತ್ತು. ಪ್ರಾಜೆಕ್ಟ್ ವರದಿಯಲ್ಲಿ ‘ಸಮೀಕ್ಷೆಯ ಮೂಲಕ ಆಯ್ಕೆ’ ಎಂದು ಬರೆದಿದ್ದೆವಲ್ಲ, ಆ ಸಮೀಕ್ಷೆ ಇಷ್ಟೇ. ಆದರೂ ಆಯ್ಕೆ ಕೆಟ್ಟದಾಗಿರಲಿಲ್ಲ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧ ಬಂದಿತ್ತು, ಅಡುಗೆ ಕಂಟ್ರಾಕ್ಟರುಗಳು ತಾವಾಗಿಯೇ ಹಾಳೆ ತಟ್ಟೆ ಕೇಳುತ್ತಿದ್ದರು.

ಹೊರಗಿನಿಂದ ನೋಡಿದರೆ ಸುಲಭದ ಕೆಲಸ. ತೋಟದಲ್ಲಿ ತಾನಾಗಿ ಬಿದ್ದ ಹಾಳೆಯನ್ನು ಬೇಸಿಗೆಯಲ್ಲೇ ಆರಿಸಿ, ಒಣಗಿಸಿ, ಅಟ್ಟಕ್ಕೆ ಹಾಕಿಟ್ಟುಕೊಳ್ಳಬೇಕು, ಮಲೆನಾಡಿನ ಮಳೆ ತಗುಲಿದರೆ ಬೂಷ್ಟು ಹಿಡಿಯಿತೆಂದೇ ಲೆಕ್ಕ. ಬೇಕಾದಾಗ ನೀರಲ್ಲಿ ನೆನೆಸಿ, ಬ್ರಷ್‌ನಲ್ಲಿ ಉಜ್ಜಿ ತೊಳೆದು, ನೀರು ಸೋರಲು ಬಿಟ್ಟು, ಕಾದ ಡೈ, ಅಂದರೆ ಲೋಹದ ಅಚ್ಚುಗಳ ನಡುವೆ ಇಟ್ಟು ಒತ್ತಬೇಕು. ಪಸೆ ಹೆಚ್ಚಿದ್ದರೆ ತಟ್ಟೆ ಮಾರನೇ ದಿನಕ್ಕೆ ಸೊಟ್ಟಗಾಗುತ್ತದೆ, ಕಡಿಮೆಯಿದ್ದರೆ ಅಂಚಿನಲ್ಲೇ ಸೀಳುತ್ತದೆ. ಸಂಘದ ಅಧ್ಯಕ್ಷೆ ಹಾಳೆಯ ಮೂಲೆಯನ್ನು ಹೆಬ್ಬೆರಳಲ್ಲಿ ಸ್ವಲ್ಪ ಬಗ್ಗಿಸಿ ನೋಡಿ ‘ಇನ್ನೂ ಆರಲಿ’ ಅನ್ನುತ್ತಿದ್ದರು. ನಾವು ತೇವ ಅಳೆಯುವ ಮೀಟರ್ ಒಯ್ದಿದ್ದೆವು. ಅದರ ಕೆಲಸ ಫೋಟೊಗೆ ಮುಗಿಯಿತು.

ದುಡ್ಡು ಒಂದು ಕಂಪನಿಯ ಸಿಎಸ್ಆರ್ ನಿಧಿಯಿಂದ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಹಣದಿಂದ ಬಂತು. ತಂಡಕ್ಕೆ ಬ್ಯಾಂಕ್ ಖಾತೆ ಇರಲಿಲ್ಲ, ಆದ್ದರಿಂದ ಚೆಕ್ ಕಾಲೇಜಿಗೆ. ತಟ್ಟೆ ಒತ್ತುವ ಯಂತ್ರ ಮಾರುವವನು ಫೋನ್ ಮಾಡಿ ‘ಬಿಲ್ ಯಾರ ಹೆಸರಿಗೆ ಸರ್?’ ಅಂದ. ಖಜಾಂಚಿ ನಾನು. ‘ಕಾಲೇಜಿನ ಹೆಸರಿಗೇ ಹಾಕಿ’ ಅಂದುಬಿಟ್ಟೆ. ಆ ಮಾತಿಗೆ ಅರ್ಧ ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಯಾಕೆ ಹಾಗಂದೆ ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಕಾರಣಕ್ಕೆ ಹಾಗೇ ಅನ್ನುತ್ತೀರಿ. ಸಂಘ ನೋಂದಣಿ ಆಗಿಲ್ಲ, ಅದರ ಹೆಸರಿಗೆ ಬಿಲ್ ಮಾಡಲು ಬರುವುದಿಲ್ಲ ಅಂತ ನಾನೇ ತೀರ್ಮಾನಿಸಿದ್ದೆ. ಯಾರನ್ನೂ ಕೇಳಿರಲಿಲ್ಲ. ನೋಂದಣಿ ಇಲ್ಲದ ಸ್ವಸಹಾಯ ಸಂಘಗಳಿಗೂ ಉಳಿತಾಯ ಖಾತೆ ತೆರೆಯಬಹುದೆಂದು ರಿಸರ್ವ್ ಬ್ಯಾಂಕ್ 1993ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆ ಹೆಂಗಸರ ಹತ್ತಿರ ಪಾಸ್‌ಬುಕ್ ಇತ್ತು, ಠರಾವು ಪುಸ್ತಕ ಇತ್ತು, ರಬ್ಬರ್ ಸ್ಟಾಂಪ್ ಇತ್ತು. ವಾರದ ಉಳಿತಾಯ, ಆ ಉಳಿತಾಯದಿಂದಲೇ ತೆಗೆಯುವ ಒಳಸಾಲ, ಬಡ್ಡಿ ಎಲ್ಲದರ ಲೆಕ್ಕ ನಮ್ಮ ಎಕ್ಸೆಲ್ ಶೀಟಿಗಿಂತ ಚೊಕ್ಕವಾಗಿತ್ತು. ಹೋಗಲಿ, ಬಿಲ್ ಕಾಲೇಜಿನ ಹೆಸರಿಗೇ ಆಯಿತು ಅಂತಿಟ್ಟುಕೊಳ್ಳಿ, ಮರುದಿನವೇ ಪ್ರಿನ್ಸಿಪಾಲರ ಸಹಿ ಹಾಕಿಸಿ ಒಂದು ಪುಟದ ಹಸ್ತಾಂತರ ಪತ್ರ ಕೊಡಬಹುದಿತ್ತು. ಅದೂ ಹೊಳೆಯಲಿಲ್ಲ. ನಮ್ಮ ತಲೆಯೆಲ್ಲ ಸ್ಪರ್ಧೆಯ ಸ್ಲೈಡಿನಲ್ಲಿತ್ತು. ಸಂಘದ 12 ಜನರನ್ನು ಮನೆಗೆ ಐವರಂತೆ ಗುಣಿಸಿ ‘60 ಬದುಕುಗಳಲ್ಲಿ ಬದಲಾವಣೆ’ ಎಂದು ಹಾಕಿದ್ದೆವು.

ಅಧ್ಯಕ್ಷೆ ಮಾತ್ರ ಯಂತ್ರ ಇಳಿಸಿದ ದಿನವೇ ಕೇಳಿದ್ದರು: ‘ತಮ್ಮಾ, ಇದು ನಮ್ದೋ, ನಿಮ್ದೋ?’ ನಿಮ್ಮದೇ ಅಕ್ಕಾ ಅಂದೆ.

ಮುಂದೆ ಆಗಿದ್ದು ಕೇಳಿ. ಹೀಟರ್ ಕೆಟ್ಟಾಗ ಸಂಘದವರು ಫೋನ್ ಮಾಡಿದರೆ ಮಾರಿದವನು ‘ಬಿಲ್ಲಲ್ಲಿರುವವರು ಪತ್ರ ಕಳಿಸಲಿ’ ಎಂದ. ಯಂತ್ರ ತೋರಿಸಿ ಸಾಲ ಕೇಳಲು ಹೋದರೆ ಬ್ಯಾಂಕಿನವರು ಬಿಲ್ ಕೇಳಿದರು. ಇಷ್ಟಾದರೂ ಘಟಕ ನಡೆಯಿತು. ನಾವು ಫೈನಲ್ ಇಯರ್ ಮುಗಿಸಿ ಹೊರಬಿದ್ದೆವು. ನಂತರದ ಬ್ಯಾಚಿಗೆ ಹೊಸ ಪ್ರಾಜೆಕ್ಟ್ ಬೇಕಿತ್ತು, ಹಳೆಯದನ್ನು ಮುಂದುವರಿಸಿದರೆ ವೇದಿಕೆ ಮೇಲೆ ಹೇಳಲು ಏನಿರುತ್ತದೆ! ಅವರು ಅಣಬೆಗೆ ಹೋದರು. ಆಮೇಲೆ ಕಾಲೇಜಿಗೆ ತಪಾಸಣೆ ಬಂತು, ದಾಸ್ತಾನು ರಿಜಿಸ್ಟರಿನಲ್ಲಿರುವ ಯಂತ್ರ ಎದುರಿಗಿರಬೇಕಲ್ಲ, ಟೆಂಪೊ ಕಳಿಸಿ ತರಿಸಿಕೊಂಡರು. ಕಾಲೇಜಿನವರನ್ನು ಬೈಯಲು ನನಗೆ ಬಾಯಿಲ್ಲ. ಅವರ ವಸ್ತು, ಅವರು ಒಯ್ದರು.

ಅಷ್ಟೊತ್ತಿಗೆ ಸಂಘದವರು ಮದುವೆ ಸೀಸನ್ನಿನ ಆರ್ಡರ್ ಹಿಡಿದಿದ್ದರು. ಒಳಸಾಲ ತೆಗೆದು ಅಕ್ಕಪಕ್ಕದ ತೋಟಗಳ ಹಾಳೆ ಕೊಂಡು ಅಟ್ಟ ತುಂಬಿಸಿದ್ದರು. ಆ ಹಾಳೆಯಲ್ಲಿ ಸ್ವಲ್ಪ ದನಕ್ಕೆ ಹೋಯಿತು, ಉಳಿದದ್ದು ಬಚ್ಚಲ ಒಲೆಗೆ. ಕೆಲಸ ಸಿಕ್ಕ ಮೇಲೆ ಆ ಒಳಸಾಲವನ್ನು ನಾನು ಕಂತಿನಲ್ಲಿ ಕಟ್ಟಿದೆ. ಅಧ್ಯಕ್ಷೆ ಬೇಡ ಎನ್ನಲಿಲ್ಲ, ಬಯ್ಯಲೂ ಇಲ್ಲ. ಪ್ರತಿ ಕಂತಿಗೂ ಸ್ಟಾಂಪ್ ಒತ್ತಿದ ರಸೀದಿ ಕೊಟ್ಟರು.

ಈಗ ನಿಮ್ಮ ಪ್ರಶ್ನೆ. ಶಾಖೆ ಬೇಕಿದ್ದರೆ ತೆರೆಯಿರಿ, ಬೇಡದಿದ್ದರೆ ಬಿಡಿ, ಅದು ತಲೆ ಕೆಡಿಸಿಕೊಳ್ಳುವ ವಿಷಯವೇ ಅಲ್ಲ. ಕಾಲೇಜುಗಳಲ್ಲಿ ಇಂಥ ತಂಡ ಕಟ್ಟಿಸುವ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಎನಾಕ್ಟಸ್ 1975ರಿಂದ ಇದೆ. ಇನ್ನೊಂದು, ನೆಟ್ ಇಂಪ್ಯಾಕ್ಟ್ ಅನ್ನು ಅಮೆರಿಕದ ಎಂಬಿಎ ವಿದ್ಯಾರ್ಥಿಗಳು 1993ರಲ್ಲಿ ಶುರು ಮಾಡಿದ್ದು. ತರಬೇತಿ, ಸ್ಪರ್ಧೆ, ನಾಲ್ಕು ಜನರ ಪರಿಚಯ ಸಿಗುತ್ತದೆ, ಒಳ್ಳೆಯದೇ. ಆದರೆ ನೀವು ಡಿಗ್ರಿ ಮುಗಿಸಿ ಹೋದ ಮೇಲೆ ಹಳ್ಳಿಯಲ್ಲಿ ಉಳಿಯುವ ಯಂತ್ರಕ್ಕೂ ಬ್ಯಾನರ್ ಮೇಲಿನ ಲೋಗೊಗೂ ಸಂಬಂಧ ಇಲ್ಲ. ವಿದ್ಯಾರ್ಥಿ ತಂಡಕ್ಕೆ ಆಯುಷ್ಯ ಎರಡೋ ಮೂರೋ ವರ್ಷ, ಅಂಥವರು ಆಸ್ತಿ ಮಾಡುವ ಉಸಾಬರಿಗೆ ಹೋಗಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ.

ಸಿಎಸ್ಆರ್ ದುಡ್ಡು ತರುತ್ತೀರಾದರೆ ಒಂದು ನಿಯಮ ಓದಿಕೊಳ್ಳಿ, ನಮ್ಮ ಕಾಲಕ್ಕೆ ಇರಲಿಲ್ಲ. 2021ರ ಜನವರಿಯ ತಿದ್ದುಪಡಿ ಪ್ರಕಾರ ಆ ದುಡ್ಡಲ್ಲಿ ಕೊಂಡ ಆಸ್ತಿ ಫಲಾನುಭವಿಗಳ ಸ್ವಸಹಾಯ ಸಂಘ ಅಥವಾ ಒಕ್ಕೂಟದ ಹೆಸರಲ್ಲಿರಬೇಕು, ಇಲ್ಲವೇ ಸಿಎಸ್ಆರ್ ನೋಂದಣಿ ಸಂಖ್ಯೆ ಇರುವ ಟ್ರಸ್ಟ್, ಸೊಸೈಟಿ ಅಥವಾ ಸೆಕ್ಷನ್ 8 ಕಂಪನಿಯ (ಲಾಭ ಹಂಚಿಕೊಳ್ಳದ ಕಂಪನಿ) ಹೆಸರಲ್ಲಿ, ಇಲ್ಲವೇ ಸರ್ಕಾರಿ ಪ್ರಾಧಿಕಾರದ ಹೆಸರಲ್ಲಿ. ಅಂದರೆ ಸಂಘದ ಹೆಸರಿಗೆ ಮಾಡಲು ಬರುವುದಿಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ. ಕಾಲೇಜು ನಡೆಸುವ ಟ್ರಸ್ಟ್ ‘ನಮ್ಮ ಹೆಸರಲ್ಲೇ ಇರಲಿ’ ಎಂದು ಪಟ್ಟು ಹಿಡಿದರೆ ಮಾತ್ರ ನಿಯಮ ನಿಮ್ಮ ಸಹಾಯಕ್ಕೆ ಬರುವುದಿಲ್ಲ, ಅದನ್ನು ನೀವೇ ಜಗಳ ಮಾಡಿ ಇತ್ಯರ್ಥ ಮಾಡಿಕೊಳ್ಳಬೇಕು.

ವ್ಯಾಪಾರದಿಂದ ಒಳಿತು ಹೇಗೆ ಎಂದು ಕಲಿಯಲು ದೂರ ಹೋಗಬೇಕಿಲ್ಲ. ಹರೀಶ್ ಹಂದೆಯವರು 1995ರಲ್ಲಿ ಶುರುವಾದ ಸೋಲಾರ್ ಕಂಪನಿ ಸೆಲ್ಕೊದ ಸಂಸ್ಥಾಪಕರಲ್ಲೊಬ್ಬರು, 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಸೋಲಾರ್ ದೀಪವನ್ನು ಬಡವರಿಗೆ ಹಂಚಿಕೊಂಡು ಹೋಗಲಿಲ್ಲ. ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ ಮಾರಿದರು. ಕೊಂಡವನ ಹೆಸರಲ್ಲಿ ಸಾಲ, ಕೊಂಡವನದೇ ದೀಪ, ಕೆಟ್ಟರೆ ದಬಾಯಿಸಿ ರಿಪೇರಿ ಮಾಡಿಸಿಕೊಳ್ಳುವ ಹಕ್ಕೂ ಅವನದೇ.

ಅಂದಹಾಗೆ ನಿಮ್ಮ ಮನಸ್ಸಲ್ಲೂ ಹಾಳೆ ತಟ್ಟೆಯೇ ಇದ್ದರೆ, 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳು ಆಹಾರಕ್ಕೆ ಸಲ್ಲವು ಎಂದಿದೆ, ರಫ್ತಿನ ಕನಸು ಕಾಣುವ ಮುಂಚೆ ಅದನ್ನು ಓದಿ.

ಮೊದಲ ವರ್ಷ ಯಂತ್ರ ಬೇಡ. ಈಗಾಗಲೇ ನಡೆಯುತ್ತಿರುವ ಸಂಘವನ್ನೋ ರೈತ ಉತ್ಪಾದಕ ಕಂಪನಿಯನ್ನೋ ಹುಡುಕಿ, ಅವರ ಲೆಕ್ಕ, ಬೆಲೆ, ಬಾಕಿ ವಸೂಲಿಯಲ್ಲಿ ಕೈಜೋಡಿಸಿ. ರೆಸ್ಯುಮೆಯಲ್ಲಿ ಅದು ಸಪ್ಪೆಯಾಗಿ ಕಾಣುತ್ತದೆ, ಕಾಣಲಿ. ಬೆಂಗಳೂರಿನ ನಿಮ್ಮ ಸೀನಿಯರ್‌ಗಳಲ್ಲಿ ಬ್ಯಾಲೆನ್ಸ್ ಶೀಟ್ ಓದಬಲ್ಲವರು, ಜಿಎಸ್‌ಟಿ ಫೈಲ್ ಮಾಡಬಲ್ಲವರು ಒಬ್ಬರಿದ್ದರೆ ಅವರನ್ನು ಬಿಡಬೇಡಿ. ಶನಿವಾರ ಬಂದು ‘ಡಿಸೈನ್ ಥಿಂಕಿಂಗ್’ ಕಾರ್ಯಾಗಾರ ಮಾಡಿ ಹೋಗುವವರಿಗೆ ಊಟ ಹಾಕಿ ಕಳಿಸಿ, ಸಾಕು. ಎರಡನೇ ವರ್ಷಕ್ಕೆ ಯಂತ್ರ ಬೇಕೇ ಬೇಕು ಎಂದು ಸಂಘದವರೇ ಹೇಳಿದರೆ, ಕೊಟೇಶನ್ ತರಿಸುವ ಮುಂಚೆ ಅವರ ಠರಾವು ಪುಸ್ತಕದಲ್ಲಿ ಬರೆಸಿ: ಬಿಲ್ ಸಂಘದ ಹೆಸರಿಗೆ, ವಾರಂಟಿ ಕಾರ್ಡ್ ಅಧ್ಯಕ್ಷೆಯ ಕೈಗೆ, ಕರೆಂಟ್ ಬಿಲ್ ಕಟ್ಟುವವರು ಇಂಥವರು. ಕಾಲೇಜು ಒಪ್ಪದಿದ್ದರೆ ಆ ದುಡ್ಡು ಬೇಡ ಅನ್ನಿ. ಸಂಘದವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಸಾಲದ ಅರ್ಜಿ ತುಂಬಿಕೊಡಿ.