ಗೆಡ್ಡೆಯ ಒಳಗಿನ ರೋಗವೂ ರೈತನ ವಿವೇಚನೆಯೂ

ಪ್ರಶ್ನೆ: ನಾನು ಹಾಸನ ತಾಲ್ಲೂಕಿನ ಸಣ್ಣ ಹಿಡುವಳಿದಾರ. ಕಳೆದ ಮುಂಗಾರಿನಲ್ಲಿ ಎಪಿಎಂಸಿ ಪ್ರಾಂಗಣದಲ್ಲಿ ನಾಲ್ಕು ಕಡೆ ವಿಚಾರಿಸಿ, ಗೆಡ್ಡೆ ಕೊಯ್ದು ನೋಡಿಯೇ ಬಿತ್ತನೆ ಆಲೂಗೆಡ್ಡೆ ಕೊಂಡೆ. ಆದರೂ ಅಂಗಮಾರಿ ಬಂದು ಬೆಳೆ ಕೈಬಿಟ್ಟಿತು. ಸಕಲೇಶಪುರದಲ್ಲಿ ಕಾಫಿ ತೋಟವಿರುವ ನನ್ನ ಭಾವ, "ಕಾಫಿ ಮಾರಾಟ ಮುಕ್ತವಾದ ಮೇಲೆಯೇ ನಾವು ಉಸಿರಾಡಿದ್ದು. ಲಾಭನಷ್ಟ ಅವರವರ ವಿವೇಚನೆಗೆ ಸೇರಿದ್ದು, ಸರ್ಕಾರ ತಲೆ ಹಾಕಬಾರದು" ಎನ್ನುತ್ತಾರೆ. ಹಾಗಾದರೆ ತಪ್ಪು ನನ್ನ ವಿವೇಚನೆಯದೇ?

ಉತ್ತರ: ಖಂಡಿತ ಅಲ್ಲ. ತಾವು ವಿವೇಕಿಯಾದ ಕೊಳ್ಳುಗ ಮಾಡಬೇಕಾದದ್ದನ್ನೆಲ್ಲ ಮಾಡಿದ್ದೀರಿ. ಆದರೆ ವಿವೇಚನೆಗೆ ಆಧಾರವಾಗಬೇಕಾದ ಮಾಹಿತಿಯೇ ತಮ್ಮ ಕೈಗೆ ಸಿಗುವಂತಿರಲಿಲ್ಲ.

ತಮ್ಮ ಭಾವನವರ ಮಾತನ್ನು ಮೊದಲು ನೋಡೋಣ, ಏಕೆಂದರೆ ಕಾಫಿಯ ಮಟ್ಟಿಗೆ ಅದರಲ್ಲಿ ಹುರುಳಿದೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿ ಬೆಳೆಗಾರರು ಕಂಗೆಟ್ಟಿದ್ದಾಗ, 1942ರ ಕಾಯ್ದೆಯಡಿ ಕಾಫಿ ಮಂಡಳಿ ಅವರ ಕೈಹಿಡಿಯಿತು. ಆಪತ್ಕಾಲಕ್ಕೆಂದು ಬಂದ, ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಪೂಲ್ ವ್ಯವಸ್ಥೆ ಮಾತ್ರ ಯುದ್ಧ ಮುಗಿದ ಮೇಲೂ ದಶಕಗಟ್ಟಲೆ ಉಳಿಯಿತು. ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಗೇ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯಬೇಕಾಗಿತ್ತು. 1992ರಿಂದ ಹಂತಹಂತವಾಗಿ ಸಡಿಲಗೊಂಡ ಈ ಕಟ್ಟು 1996ರಲ್ಲಿ ಪೂರ್ತಿ ಕಳಚಿತು, ಅದು ಕಳಚಿದ್ದು ಸರಿಯೇ. ಯಾವಾಗ ಮಾರಬೇಕು, ಯಾರಿಗೆ ಮಾರಬೇಕು ಎಂಬುದನ್ನು ಬೆಳೆಗಾರನಿಗಿಂತ ಚೆನ್ನಾಗಿ ಕಚೇರಿಯಲ್ಲಿ ಕುಳಿತವರು ಬಲ್ಲರೆಂದು ನಾನು ನಂಬುವುದಿಲ್ಲ.

ಆದರೆ ಕಾಫಿ ವ್ಯಾಪಾರ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ವರ್ತಕ ಮೂಟೆಯಿಂದ ಒಂದಿಷ್ಟು ಚೆರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು) ತೆಗೆದು, ತೇವಾಂಶ ಅಳೆದು, ಸಿಪ್ಪೆ ಬಿಡಿಸಿ, ಎಷ್ಟು ಕಾಫಿ ಬೀಜ ಸಿಗುತ್ತದೆಂದು ತೂಗಿ ಔಟ್‌ಟರ್ನ್ ಲೆಕ್ಕ ಹಾಕುತ್ತಾನೆ. ಬೆಳೆಗಾರ ಎದುರಿಗೇ ನಿಂತು ಅದನ್ನು ನೋಡುತ್ತಾನೆ. ಸರಕಿನ ಗುಣ ಇಬ್ಬರಿಗೂ ಗೊತ್ತಾಗುವುದರಿಂದ ಅಲ್ಲಿ ಚೌಕಾಶಿಗೆ ಅರ್ಥವಿದೆ.

ಬಿತ್ತನೆ ಗೆಡ್ಡೆಯ ಸಂಗತಿಯೇ ಬೇರೆ. ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬಂದ ಚೀಲದಿಂದ ಕುಫ್ರಿ ಜ್ಯೋತಿ ತಳಿಯ ಒಂದು ಗೆಡ್ಡೆ ತೆಗೆದು, ಹೆಬ್ಬೆರಳಿನಿಂದ ಒತ್ತಿ, ಕಣ್ಣುಗಳನ್ನು ಎಣಿಸಿ, ಕೊಯ್ದು ನೋಡಿದರೂ ತಿರುಳು ಬೆಳ್ಳಗೇ ಕಾಣಬಹುದು. ಅಂಗಮಾರಿಯ ಸೋಂಕು ಯಾವ ಗುರುತೂ ತೋರದೆ ಗೆಡ್ಡೆಯೊಳಗೆ ಅಡಗಿರಬಲ್ಲದು. ಅದು ಯಾವ ಹೊಲದಲ್ಲಿ ಬೆಳೆದದ್ದು, ಅಲ್ಲಿ ರೋಗವಿತ್ತೇ ಎಂಬುದು ಗೊತ್ತಿದ್ದರೆ ಮಾರುವ ಕಡೆಯವರಿಗಷ್ಟೇ ಗೊತ್ತು.

ಇಂತಹ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. 2001ರ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಅವರೊಬ್ಬರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಕೊಳ್ಳುಗ ಎರಡಕ್ಕೂ ನಡುವಿನ ಒಂದು ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಮಾಲು ಕೊಡಲು ಗಿಟ್ಟದೆ ಪ್ರಾಮಾಣಿಕ ಮಾರಾಟಗಾರ ಹಿಂದೆ ಸರಿಯುತ್ತಾನೆ. ಕೊನೆಗೆ ಕಣದಲ್ಲಿ ಕಳಪೆಯದೇ ಕಾರುಬಾರು. ಇದರಲ್ಲಿ ಯಾರೂ ಅವಿವೇಕಿಗಳಲ್ಲ, ಪ್ರತಿಯೊಬ್ಬರೂ ಲೆಕ್ಕ ಹಾಕಿಯೇ ನಡೆದಿದ್ದಾರೆ. ಆದರೂ ಎಲ್ಲರಿಗೂ ನಷ್ಟ.

ಅಷ್ಟೇ ಅಲ್ಲ, ನಷ್ಟ ಕೊಂಡವನ ಹೊಲದಲ್ಲೇ ನಿಲ್ಲುವುದೂ ಇಲ್ಲ. ಮೋಡ ಮುಚ್ಚಿ ಜಡಿಮಳೆ ಹಿಡಿದರೆ ರೋಗದ ಬೀಜಾಣು ಗಾಳಿಯಲ್ಲಿ ಬದು ದಾಟಿ, ದುಬಾರಿ ಬೆಲೆ ತೆತ್ತು ಒಳ್ಳೆಯ ಗೆಡ್ಡೆ ತಂದವರ ಹೊಲಕ್ಕೂ ಹೋಗುತ್ತದೆ. ಅವರವರ ಲಾಭನಷ್ಟ ಅವರವರಿಗೆ ಎಂಬ ತಮ್ಮ ಭಾವನವರ ವಾದ ನಿಲ್ಲದಿರುವುದು ಇಲ್ಲಿಯೇ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ನಾಶಮಾಡಿದ್ದೂ ಇದೇ ಅಂಗಮಾರಿ. ಮೊದಲ ವರ್ಷ ಮೆಕ್ಕೆಜೋಳ ತರಿಸಿ ಒದಗಿಸಿದ ಬ್ರಿಟಿಷ್ ಸರ್ಕಾರ, 1846ರಲ್ಲಿ ಅಧಿಕಾರ ಬದಲಾದ ಮೇಲೆ ಆಹಾರ ಪೂರೈಕೆಯನ್ನು ಬಹುಮಟ್ಟಿಗೆ ವರ್ತಕರಿಗೇ ಬಿಟ್ಟಿತು. ಆ ಕ್ಷಾಮದಲ್ಲಿ ಸತ್ತವರು ಸುಮಾರು 10 ಲಕ್ಷ. ಇದನ್ನು ಓದುವಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ.

ಹಾಗೆಂದು ಸರ್ಕಾರವೇ ಗೆಡ್ಡೆ ಮಾರಬೇಕೆಂದೋ ದರ ಕಟ್ಟಬೇಕೆಂದೋ ನಾನು ಹೇಳುವುದಿಲ್ಲ. ಕೊಳ್ಳುವವನು ನೋಡಲಾರದ್ದನ್ನು ಅವನ ಪರವಾಗಿ ನೋಡಿ ಹೇಳುವುದು ಸರ್ಕಾರದ ಕೆಲಸ. 1966ರ ಬೀಜ ಕಾಯ್ದೆಯಲ್ಲಿ ಗೆಡ್ಡೆಯೂ ಬೀಜದ ವ್ಯಾಖ್ಯೆಯೊಳಗೆ ಬರುತ್ತದೆ. ಆದರೆ ಅದರಲ್ಲಿ ಪ್ರಮಾಣೀಕರಣ ಕಡ್ಡಾಯವಲ್ಲ, ಮಾರುವವನ ಇಚ್ಛೆಗೆ ಬಿಟ್ಟದ್ದು. ಬಿತ್ತನೆ ಆಲೂಗೆಡ್ಡೆಯ ಮಟ್ಟಿಗಾದರೂ ಇದು ಬದಲಾಗಬೇಕು: ಬೆಳೆದ ಹೊಲದ ತಪಾಸಣೆಯ ಚೀಟಿ ಚೀಲದ ಮೇಲಿಲ್ಲದೆ ಪ್ರಾಂಗಣದಲ್ಲಿ ಮಾರಾಟವೇ ನಡೆಯಬಾರದು.

ಈ ಸಲ ಕೊಳ್ಳುವಾಗ, ಅಂಗಡಿಯವರು ಎಷ್ಟೇ ಪರಿಚಿತರಾದರೂ, ತಳಿಯ ಹೆಸರು ನಮೂದಿಸಿದ ರಸೀದಿಯನ್ನು ತಪ್ಪದೆ ಬರೆಸಿಕೊಳ್ಳಿ. ಚೀಲದ ಚೀಟಿಯನ್ನೂ ಎತ್ತಿಡಿ. ಬೀಜ ಕೊಳ್ಳುವ ರೈತನೂ ಗ್ರಾಹಕನೇ, ಬೀಜ ಕಳಪೆಯಾಗಿದ್ದರೆ ಗ್ರಾಹಕರ ವೇದಿಕೆಗೆ (ಈಗಿನ ಗ್ರಾಹಕರ ಆಯೋಗಕ್ಕೆ) ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಕೈಯಲ್ಲಿ ಕಾಗದವಿಲ್ಲದಿದ್ದರೆ ಅಲ್ಲಿ ವಾದಿಸುವುದು ಬಲು ಕಷ್ಟ.