ನೀರೋನನ್ನು ಬಿಡಿ, ಸಿಗೇನಾಳಿಂದ ಶುರು ಮಾಡಿ

ನಮಸ್ಕಾರ.

ಜರ್ಮನಿಯ ನ್ಯೂರೆಂಬರ್ಗ್ ಕೋಟೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ವಾಪಸ್ ಕಳಿಸಿ ಕೈತೊಳೆದುಕೊಳ್ಳುವ ಮನಸ್ಸೂ ಇಲ್ಲ. ಕಾರಣ, ನಿಮ್ಮ ಏಳನೇ ಪ್ಯಾರಾದಲ್ಲಿ ಕೂತಿರುವ ಸಿಗೇನಾ.

ಊರಿನ ಹೆಸರು ಮೊದಲ ಸಲ ಬರಹದಲ್ಲಿ ಸಿಗುವುದು 1050ರ ಜುಲೈ 16ರ ಒಂದು ಪತ್ರದಲ್ಲಿ. ಸಿಗೇನಾ ರಿಕೋಲ್ಫ್ ಎಂಬ ಕುಲೀನನ ಜೀತದಾಳು. ಬಿಡುಗಡೆಯ ಶಾಸ್ತ್ರವಾಗಿ ಚಕ್ರವರ್ತಿ ಮೂರನೇ ಹೆನ್ರಿ ಅವಳ ಕೈಯಲ್ಲಿದ್ದ ನಾಣ್ಯವನ್ನು ತಟ್ಟಿ ಬೀಳಿಸಿದ. ಅಲ್ಲಿಗೆ ಜೀತ ಹರಿಯಿತು. ಅದನ್ನು ದಾಖಲಿಸಿದ ಪತ್ರದಲ್ಲಿ ಜಾಗದ ಹೆಸರು 'ನೋರೆನ್‌ಬೆರ್ಕ್'. ಅಷ್ಟು ದೊಡ್ಡ ಊರಿನ ಜಾತಕ ಒಬ್ಬ ಜೀತದವಳ ಬಿಡುಗಡೆ ಪತ್ರ! ನೀವು ಇದನ್ನು 'ಗಮನಾರ್ಹ ಸಂಗತಿ' ಎಂದು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಆ ನಾಣ್ಯ ನೆಲಕ್ಕೆ ಬಿದ್ದ ಸದ್ದಿನಿಂದಲೇ ಲೇಖನ ಶುರುವಾಗಲಿ.

ಈಗ ಶುರುವಾಗಿರುವುದು ರೋಮಿನ ನೀರೋನಿಂದ. 'ನೀರೋ ಕಟ್ಟಿಸಿದ ಬೆಟ್ಟದೂರು, ಅದಕ್ಕೇ ಆ ಹೆಸರು' ಎಂದು ಖಚಿತವಾಗಿ ಬರೆದಿದ್ದೀರಿ. ಅದು ಸ್ಥಳಪುರಾಣ. ಊರಿಗೆ ಹಳಮೆಯ ಗತ್ತು ಕೊಡಲು ಹಿಂದಿನವರು ಹೊಸೆದದ್ದು. ರೋಮನ್ನರ ಗಡಿ ಇನ್ನೂ ದಕ್ಷಿಣಕ್ಕೇ ನಿಂತಿತ್ತು. ಬೇಕಿದ್ದರೆ ಪುರಾಣವೆಂದೇ ಹೇಳಿ ಬಳಸಿ, ಮಜವಾಗಿರುತ್ತದೆ. ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವುದು 'ನೋರ್' ಎಂದರೆ ಬಂಡೆ, ಬಂಡೆಯ ಬೆಟ್ಟ ಎಂಬ ಅರ್ಥವನ್ನು. ಕೋಟೆ ಕೂತಿರುವ ಮರಳುಗಲ್ಲಿನ ಗುಡ್ಡ ನೋಡಿದವರಿಗೆ ಇದು ಸಹಜ ಅನ್ನಿಸುತ್ತದೆ. ಇನ್ನೊಂದು ಎಡವಟ್ಟು: 'ಬರ್ಗ್ ಅಂದರೆ ಕೋಟೆ' ಎಂದಿದ್ದೀರಿ. ತಪ್ಪು ಪೂರ್ತಿ ನಿಮ್ಮದಲ್ಲ. ಕನ್ನಡದಲ್ಲಿ ನಾವು ಹ್ಯಾಂಬರ್ಗ್, ಹೈಡಲ್‌ಬರ್ಗ್ ಎಂದು ಎರಡನ್ನೂ ಒಂದೇ ಅಚ್ಚಿಗೆ ಸುರಿಯುತ್ತೇವೆ. ಜರ್ಮನ್ನಿನಲ್ಲಿ ಮೊದಲನೆಯದು 'ಬುರ್ಗ್', ಕೋಟೆ. ಎರಡನೆಯದು 'ಬೆರ್ಗ್', ಬೆಟ್ಟ. ನಮ್ಮ ದುರ್ಗಕ್ಕೂ ಗಿರಿಗೂ ಇರುವಷ್ಟೇ ಅಂತರ. ನ್ಯೂರೆಂಬರ್ಗ್ ಬೆಟ್ಟದ ಪಾಲಿನದು.

ಬರ್ಗ್ರಾಫ್‌ಗಳ, ಅಂದರೆ ಅರಸರ ಪರವಾಗಿ ಕೋಟೆ ನೋಡಿಕೊಳ್ಳುತ್ತಿದ್ದವರ, ವಂಶಾವಳಿ ಮೂರು ಪುಟ ಇದೆ. ಆ ಪದವಿಯಲ್ಲಿದ್ದ ಹೋಹೆನ್‌ಜೋಲರ್ನ್ ಮನೆತನದವರು ತಮ್ಮ ಪಾಲಿನ ಪಾಳುಬಿದ್ದ ಕೋಟೆಯನ್ನು 1427ರಲ್ಲಿ ಊರಿನವರಿಗೇ ಮಾರಿದರು ಎಂಬುದನ್ನು ಉಳಿಸಿ, ಮಿಕ್ಕದ್ದನ್ನು ತೆಗೆಯಿರಿ. 1945ರ ನಾಜಿ ನಾಯಕರ ವಿಚಾರಣೆಯೂ ಬೇಡ, ಅದು ಬೇರೆಯೇ ಲೇಖನ.

ಅಲ್ಲಿ ಉಳಿದ ಜಾಗದಲ್ಲಿ 1219ನ್ನು ಬೆಳೆಸಿ. ಆ ವರ್ಷ ದೊರೆ ಎರಡನೇ ಫ್ರೆಡ್ರಿಕ್ ಊರಿಗೆ ಹಕ್ಕುಪತ್ರ ಕೊಟ್ಟ. ಅದರಲ್ಲಿ ಹೇಳಿರುವ ಕಾರಣ ಕೇಳಿ: ಇಲ್ಲಿ ದ್ರಾಕ್ಷಿತೋಟವಿಲ್ಲ, ದೋಣಿ ಸಾಗುವ ನದಿಯಿಲ್ಲ, ನೆಲ ಗಟ್ಟಿ. ಬರಡು ಬಂಡೆಯ ಮೇಲಿನ ಜನ ವ್ಯಾಪಾರ ಮಾಡದೆ ಬದುಕುವುದು ಹೇಗೆ? ಊರಿನ ಹೆಸರಿನಲ್ಲಿದ್ದ ಕಲ್ಲೇ ಅದರ ಹಣೆಬರಹವನ್ನೂ ಬರೆದದ್ದು ಅಲ್ಲಿ ಕಾಣುತ್ತದೆ. ಬಂಡೆ ಕೊರೆದು ಸುಮಾರು 50 ಮೀಟರ್ ಇಳಿಸಿದ ಕೋಟೆಬಾವಿಯನ್ನು ನೀವೇ ಬಗ್ಗಿ ನೋಡಿದ್ದೀರಂತೆ. ಅದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ!

ಸಾವಿರ ಪದಗಳೊಳಗೆ ತಿದ್ದಿ ಕಳಿಸಿ. ಬಾವಿಯ ಫೋಟೊ ಇದ್ದರೆ ಜೊತೆಗಿರಲಿ, ಕೋಟೆ ಬಾಗಿಲಿನ ಸೆಲ್ಫಿ ಬೇಡ.

— ಸಂಪಾದಕ