ನಮ್ಮೂರ ಆಸ್ಪತ್ರೆಗೆ ಡಾಕ್ಟರೇ ಇಲ್ಲ, ಊರಿನವರು ಸೇರಿ ಏನು ಮಾಡಬಹುದು?

ಆಲೂರು ಕಡೆಯವರು ಅಂತ ಬರೆದಿದ್ದೀರಿ. ಎರಡು ಸಲ ಮನವಿ ಕೊಟ್ಟರೂ ಏನೂ ಆಗಿಲ್ಲ, ಈಗ ರಸ್ತೆ ತಡೆಗೆ ಕೂರೋಣವೇ ಅಂತ ಕೇಳಿದ್ದೀರಿ. ಮೂಡಿಗೆರೆ ತಾಲ್ಲೂಕಿನ ನಾವು ಅದನ್ನೂ ಮಾಡಿ ನೋಡಿದವರು. ಹಾಗಾಗಿ ನಮ್ಮ ಎಡವಟ್ಟಿನಿಂದಲೇ ಶುರು ಮಾಡ್ತೀನಿ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಂಡ್ ಮೇಲೆ ಬಂದಿದ್ದ ಡಾಕ್ಟರು ಕಡ್ಡಾಯ ಸೇವೆಯ ಒಂದು ವರ್ಷ ಮುಗಿಸಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಜ್ವರಕ್ಕೂ ಮೂಡಿಗೆರೆ, ಸ್ವಲ್ಪ ಜೋರಾದರೆ ಹಾಸನ, ಇಲ್ಲವೇ ಚಾರ್ಮಾಡಿ ಇಳಿದು ಮಂಗಳೂರು. ಸಿಟ್ಟಿನಲ್ಲಿ ಒಂದು ಬೆಳಿಗ್ಗೆ ರಸ್ತೆಗೆ ಅಡ್ಡ ಕೂತೆವು. ಮೇಲಿನವರು ಬಂದರು, ಮನವಿ ತಗೊಂಡರು, ಫೋಟೊ ಆಯಿತು. ಮುಂದಿನ ವಾರ ಮೆಮೊ ಬಂದದ್ದು ಯಾರಿಗೆ ಗೊತ್ತಾ? ಇಂಜೆಕ್ಷನ್, ಡ್ರೆಸ್ಸಿಂಗ್, ಔಷಧಿ ಎಲ್ಲವನ್ನೂ ಒಬ್ಬರೇ ನಿಭಾಯಿಸುತ್ತಿದ್ದ ಸಿಸ್ಟರ್‌ಗೆ. ಆಮೇಲೆ ನಾನು ಬಿ.ಪಿ. ಮಾತ್ರೆಗೆ ಹೋದರೆ ಮಾತಿಲ್ಲ ಕತೆಯಿಲ್ಲ, ಎಣಿಸಿ ಮೇಜಿನ ಮೇಲಿಟ್ಟರು, ಕೈಗೆ ಕೊಡಲಿಲ್ಲ. ಆ ಮಾತ್ರೆ ಗಂಟಲಲ್ಲಿ ಇಳಿಯಲಿಲ್ಲ ಮಾರಾಯ್ರೆ. ನಾಲ್ಕು ಜನ ಅವರ ಮನೆಗೇ ಹೋಗಿ ತಪ್ಪಾಯ್ತು ಅಂದೆವು.

ದಾರಿ ತೋರಿಸಿದವರೂ ಅವರೇ. "ಯಾರ್‍ಯಾರು ಬಂದು ವಾಪಸ್ ಹೋಗ್ತಾರೆ ಅಂತ ನನ್ನ ರಿಜಿಸ್ಟರಲ್ಲಿ ಇರಲ್ಲ, ನೋಡಿದವರ ಲೆಕ್ಕ ಮಾತ್ರ ಇರೋದು" ಅಂದರು. ಆಸ್ಪತ್ರೆ ಎದುರಿಗೇ ಶೆಟ್ಟರ ಕಿರಾಣಿ ಅಂಗಡಿ. ವಾಪಸ್ ಹೋಗುವವರೆಲ್ಲ ಬಸ್ಸಿಗೆ ಕಾಯುವುದು ಅಲ್ಲೇ. ಹಾಲಿನ ಡೈರಿಯ ಹಳೇ ಲೆಕ್ಕದ ಪುಸ್ತಕದಲ್ಲಿ ಗೆರೆ ಹಾಕಿ ಶೆಟ್ಟರಿಗೆ ಕೊಟ್ಟೆವು: ತಾರೀಖು, ಹೊತ್ತು, ಯಾವ ಕಡೆಯವರು, ಯಾತಕ್ಕೆ ಬಂದರು, ಸಿಕ್ಕಿತೋ ಇಲ್ಲವೋ. ಹೆಸರು ಬೇಡ ಅಂದದ್ದೂ ಸಿಸ್ಟರೇ, ಕಾಯಿಲೆ ವಿಷಯ ಊರೆಲ್ಲ ಹರಡಬಾರದಲ್ಲ. "12 ಗಂಟೆ. ತೋಟದ ಲೈನ್. ಮಗು, ಭೇದಿ. ಓಆರ್‌ಎಸ್ ಸಿಕ್ತು, ಡಾಕ್ಟರ್ ಇಲ್ಲ" ಅಂತ ಒಂದು ಸಾಲು (ಲೈನ್ ಅಂದರೆ ತೋಟದ ಕೂಲಿಯವರ ಸಾಲು ಮನೆ). ಅದರ ಕೆಳಗೇ "ಬನ್ನು 2, ಬಾಕಿ" ಅಂತ ಇನ್ನೊಂದು. ಶೆಟ್ಟರು ಶೆಟ್ಟರೇ.

ಮೂರು ತಿಂಗಳು ಬಿಟ್ಟು ಓದಿದಾಗ ನಮಗೇ ಗೊತ್ತಿಲ್ಲದ್ದು ಕಂಡಿತು. ಬರಿಗೈಲಿ ವಾಪಸ್ ಹೋದವರಲ್ಲಿ ಹೆಚ್ಚಿನವರು ಸಂತೆ ದಿನ ಬಂದವರು. ನಮ್ಮ ಕಡೆ ಕಾಫಿ ತೋಟದವರಿಗೆ ಭಾನುವಾರವಲ್ಲ, ಸಂತೆ ದಿನವೇ ರಜೆ. ಬೇರೆ ದಿನ ಬಂದರೆ ಅವತ್ತಿನ ಕೂಲಿ ಹೋಯಿತು. ಅಷ್ಟರಲ್ಲಿ ಪಕ್ಕದ ಕೇಂದ್ರದ ಡಾಕ್ಟರನ್ನು ವಾರಕ್ಕೆ ಎರಡು ದಿನ ಡೆಪ್ಯುಟೇಶನ್ ಮೇಲೆ ಹಾಕಿದ್ದರು. ಆ ಎರಡೂ ಸಂತೆ ದಿನವಲ್ಲ, ಯಾವ ದಿನ ಅಂತ ಬೋರ್ಡೂ ಇಲ್ಲ.

ಅಲ್ಲಿಗೆ ನಮ್ಮ ಬೇಡಿಕೆ ಚಿಕ್ಕದಾಯಿತು: ಎರಡರಲ್ಲಿ ಒಂದು ದಿನ ಸಂತೆ ದಿನವಾಗಲಿ, ಬಾಗಿಲಿಗೆ ಬೋರ್ಡ್ ಹಾಕಿ. ಖಾಲಿ ಹುದ್ದೆ ತುಂಬುವುದು ಬೆಂಗಳೂರಿನ ಕೆಲಸ, ದಿನ ಬದಲಿಸುವುದು ತಾಲ್ಲೂಕು ಆರೋಗ್ಯಾಧಿಕಾರಿಯ ಒಂದು ಸಹಿ. ಪುಸ್ತಕವನ್ನು ಗ್ರಾಮಸಭೆಗೆ ಒಯ್ದೆವು. "ನೋಟ್ ಮಾಡ್ಕೊಂಡಿದ್ದೀವಿ" ಅಂದರೆ ಎದ್ದು ಬರಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಕೂತಿರಿ, ನಕಲು ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ: 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಆ ನಕಲು ಹಿಡಿದು ಹೋದ ಮೇಲೆ ಒಂದೂವರೆ ತಿಂಗಳಲ್ಲಿ ದಿನ ಬದಲಾಯಿತು. ಕಾಯಂ ಡಾಕ್ಟರು ಬರಲು ಇನ್ನೂ ಒಂದು ವರ್ಷ ಹಿಡಿಯಿತು. ಅವರ ಕ್ವಾರ್ಟರ್ಸ್ ಸೋರುತ್ತಿತ್ತು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿದ್ದು ನಮ್ಮ ಹುಡುಗರು.

ದುಡ್ಡಿನ ವಿಷಯವನ್ನೂ ಕೇಳಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಪ್ರತಿ ಊರಿಗೂ ಇರಬೇಕು, ವರ್ಷಕ್ಕೆ 10,000 ರೂಪಾಯಿವರೆಗೆ ಅನುದಾನವಿದೆ. ನಮ್ಮಲ್ಲಿ ಆ ಸಮಿತಿಯ ಸದಸ್ಯರಿಗೇ ತಾವು ಸದಸ್ಯರು ಅಂತ ಗೊತ್ತಿರಲಿಲ್ಲ!

ನಿಮ್ಮ ಕಡೆಯೂ ತೋಟಗಳಿವೆಯಲ್ಲ, ಆಶಾ ಅಕ್ಕನ ಜೊತೆ ಒಂದು ದಿನ ಲೈನ್ ಮನೆಗಳಿಗೆ ಹೋಗಿ ಬನ್ನಿ. ಮಲೆನಾಡಿನಂಥ ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಕೇಂದ್ರ, 3,000ಕ್ಕೆ ಒಂದು ಉಪಕೇಂದ್ರ ಅನ್ನುವುದು ಸರ್ಕಾರದ್ದೇ ಲೆಕ್ಕ. ಆದರೆ ಕೊಯ್ಲಿಗೆ ಅಸ್ಸಾಮಿನಿಂದ ಬಂದವರು ಎಷ್ಟೋ ಸಲ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಮ್ಮಲ್ಲಿ ಏಳು ತಿಂಗಳ ಗರ್ಭಿಣಿಯೊಬ್ಬಳಿಗೆ ತಾಯಿ ಕಾರ್ಡೇ ಆಗಿರಲಿಲ್ಲ.

ರಾತ್ರಿ ಹೊತ್ತಿಗೆ 108 ಇದೆ ನಿಜ, ಆದರೆ ಅದು ಟಾರ್ ರಸ್ತೆವರೆಗೆ ಮಾತ್ರ ಬರುವುದು. ಐದು ಜೀಪಿನವರ ನಂಬರು ಶೆಟ್ಟರ ಗೋಡೆ ಮೇಲೆ ಬರೆಸಿದ್ದೇವೆ. ಜೀಪು ಟಾರ್ ರಸ್ತೆಯವರೆಗೆ ತಂದು ಬಿಡುತ್ತೆ, ಆಂಬುಲೆನ್ಸ್ ಅಲ್ಲಿಗೆ ಬರುತ್ತೆ. ಡೀಸೆಲ್ ಕಾಸು ಸ್ತ್ರೀಶಕ್ತಿ ಸಂಘದ್ದು.

ರಸ್ತೆ ತಡೆ ಬೇಡವೇ ಬೇಡ ಅನ್ನಲ್ಲ. ಕೂರುವ ಮುಂಚೆ ನಿಮ್ಮ ಸಿಸ್ಟರ್ ಕಿವಿಗೆ ಒಂದು ಮಾತು ಹಾಕಿ. ಅದಕ್ಕೂ ಮುಂಚೆ, ನಿಮ್ಮ ಆಸ್ಪತ್ರೆ ಬಾಗಿಲು ಯಾವ ಅಂಗಡಿಯಿಂದ ಕಾಣುತ್ತೆ, ಆ ಅಂಗಡಿಯವರು ಬೆಳಿಗ್ಗೆ ಎಷ್ಟು ಗಂಟೆಗೆ ಬಾಗಿಲು ತೆಗೀತಾರೆ ಅಂತ ನೋಡಿಕೊಂಡು ಬನ್ನಿ.